ನೋಟಿಸು ಹೆಡ್‌ಮಾಸ್ತರಿಗೆ, ಪಾಠ ಮೇಷ್ಟ್ರುಗಳಿಗೆ!

ಸರ್ಕಾರಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಬಿದ್ದರೆ ಮೇಲಿನವರ ನೋಟಿಸು ಮೊದಲು ಬರುವುದು ಹೆಡ್‌ಮಾಸ್ತರ ಮೇಜಿಗೆ. ಗಣಿತ, ಇಂಗ್ಲಿಷು ಹೇಳಿಕೊಡುವವರು ಬೇರೆ. ಆದರೆ ಶಾಲೆಯ ತೀರ್ಮಾನ ಮಾಡುವಾಗ ಆ ‘ಬೇರೆಯವರ’ ಮಾತು ಕೇಳುವವರಾರು?

2023ರಲ್ಲಿ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಣ್ಗಾವಲು ಬಂತು. ಕೃಪಾಂಕ ಹೆಚ್ಚಿಸಿದರೂ ಮೊದಲ ಪರೀಕ್ಷೆಯ ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಇಂಥ ಹೊತ್ತಿನಲ್ಲಿ ಶಾಲೆಗಳಿಗೆ ಹೊಳೆಯುವ ಮದ್ದು ಒಂದೇ, ಸ್ಪೆಷಲ್ ಕ್ಲಾಸು.

ಕ್ಲಾಸು ಬೇಕು ಸರಿ. ಆದರೆ ಎಷ್ಟು ಹೊತ್ತಿಗೆ? ಹಳ್ಳಿ ಕಡೆ ಬಸ್ಸು ಐದೂವರೆಗೆ ಹೊರಟುಹೋದರೆ, ಆರಕ್ಕೆ ಕ್ಲಾಸು ಬಿಟ್ಟ ಹುಡುಗಿಯರು ಏನು ಮಾಡಬೇಕು? ಅದೇ ಬಸ್ಸಿನಲ್ಲಿ ಓಡಾಡುವ ಟೀಚರಮ್ಮನಿಗೆ ಇದು ಗೊತ್ತು. ಆದರೆ ತೀರ್ಮಾನ ಆಗುವುದು ಹೆಡ್‌ಮಾಸ್ತರ ಕೋಣೆಯಲ್ಲಿ. ಆಮೇಲೆ ಜವಾನ ಸೂಚನಾ ಪುಸ್ತಕ ಹಿಡಿದು ಬರುತ್ತಾನೆ, ಎಲ್ಲರೂ ‘ನೋಡಿದೆ’ ಅಂತ ಸಹಿ ಹಾಕುತ್ತಾರೆ. ಮುಗೀತು. ರಜೆ ಕೊಡುವ ಕೈಗೆ ಎದುರು ಮಾತಾಡುವ ಧೈರ್ಯ ಎಷ್ಟು ಜನಕ್ಕಿದೆ?

ಕುರ್ಚಿ ಉಂಟು, ಮಾತಿಲ್ಲ

ಹಾಗಂತ ಕಾಗದದ ಮೇಲೆ ವ್ಯವಸ್ಥೆ ಇಲ್ಲವೆಂದಲ್ಲ. ರಾಜ್ಯದಲ್ಲಿ 2001ರಲ್ಲೇ ಎಸ್‌ಡಿಎಂಸಿಗಳು ಬಂದವು. 2009ರಲ್ಲಿ ಶುರುವಾದ ಕೇಂದ್ರದ ಮಾಧ್ಯಮಿಕ ಶಿಕ್ಷಾ ಅಭಿಯಾನದ ಮಾರ್ಗಸೂಚಿ ಪ್ರತಿ ಹೈಸ್ಕೂಲಿಗೂ ಒಂದು ಸಮಿತಿ ಹೇಳಿತು. ಮುಖ್ಯಸ್ಥರೇ ಅಧ್ಯಕ್ಷರು. ಗಣಿತ, ವಿಜ್ಞಾನ, ಸಮಾಜ ವಿಷಯದ ತಲಾ ಒಬ್ಬ ಶಿಕ್ಷಕರಿಗೂ, ಪಾಲಕರಿಗೂ ಅಲ್ಲಿ ಜಾಗ. 2018ರಲ್ಲಿ ಆ ಅಭಿಯಾನ ಸಮಗ್ರ ಶಿಕ್ಷಾದಲ್ಲಿ ಸೇರಿತು. ಆಗ ನೂರರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂ. ಅನುದಾನ ಗೊತ್ತು ಮಾಡಿದರು.

ಆ ದುಡ್ಡಲ್ಲಿ ಲ್ಯಾಬಿಗೆ ಗಾಜಿನ ಸಾಮಾನು ಮೊದಲೋ, ಲೈಬ್ರರಿಗೆ ಪುಸ್ತಕ ಮೊದಲೋ? ಪಾಠ ಮಾಡುವವರನ್ನು ಕೇಳದೆ ಮಾರ್ಚಿ ಕೊನೆಯಲ್ಲಿ ಗಡಿಬಿಡಿ ಖರೀದಿ ಮಾಡಿದರೆ ಏನಾಗುತ್ತದೆಂದು ಅಂಗಡಿಯವರಿಗೆ ಹೇಳಬೇಕಾಗಿಲ್ಲ. ಮಾರಿದ ಸಾಮಾನು ಬೀರುವಿನಲ್ಲೇ ಬೀಗ ಹಾಕಿ ಕೂತಿರುತ್ತದೆ.

ಹೆಡ್‌ಮಾಸ್ತರ ಕಷ್ಟವೂ ಇದೆ

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಬಿಸಿಯೂಟದ ಲೆಕ್ಕ, ಆನ್‌ಲೈನ್ ಮಾಹಿತಿ, ಮೀಟಿಂಗು ಅಂತ ಹೆಡ್‌ಮಾಸ್ತರರು ಹೈರಾಣು. ಹತ್ತು ಜನ ಕೂತು ತೀರ್ಮಾನ ಮಾಡಿ, ಕೆಟ್ಟಾಗ ಒಬ್ಬರೇ ಉತ್ತರ ಕೊಡಬೇಕೆಂದರೆ ಯಾರು ಒಪ್ಪುತ್ತಾರೆ? ಆ ಅಳುಕಿನಲ್ಲಿ ನ್ಯಾಯ ಇದೆ.

ಹಾಗಾಗಿ ಅಧಿಕಾರ ಹಂಚಿದರೆ ಸಾಲದು, ಹೊಣೆಯನ್ನೂ ಹಂಚಬೇಕು. ವೇಳಾಪಟ್ಟಿ, ಸ್ಪೆಷಲ್ ಕ್ಲಾಸು, ಕಲಿಕಾ ಸಾಮಗ್ರಿ ಖರೀದಿ, ಈ ಮೂರು ಶಿಕ್ಷಕರ ಸಭೆಯಲ್ಲೇ ತೀರ್ಮಾನವಾಗಲಿ. ಯಾರು ಏನು ಹೇಳಿದರು, ಯಾರು ಏನು ಒಪ್ಪಿಕೊಂಡರು ಎಂಬುದು ನಡಾವಳಿ ಪುಸ್ತಕದಲ್ಲಿ ಹೆಸರು ಸಮೇತ ಬರಲಿ. ರಜೆ, ಲೆಕ್ಕಪತ್ರ, ಶಿಸ್ತು ಹೆಡ್‌ಮಾಸ್ತರ ಕೈಯಲ್ಲೇ ಇರಲಿ. ಫಲಿತಾಂಶ ಬಿದ್ದಾಗ ಇಲಾಖೆಯವರು ಆ ಪುಸ್ತಕ ತೆರೆದು ನೋಡಲಿ.

ಹೆಡ್‌ಮಾಸ್ತರರೂ ಒಂದು ಕಾಲದಲ್ಲಿ ‘ನೋಡಿದೆ’ ಅಂತ ಸಹಿ ಹಾಕಿದವರೇ. ಸೊಸೆಯಾಗಿದ್ದ ದಿನಗಳನ್ನು ಅತ್ತೆ ಮರೆಯಬಾರದು. ಶಾಲೆ ಬಾಗಿಲು ತೆರೆದ ವಾರದಲ್ಲೇ ಎಲ್ಲರೂ ಒಂದು ಗಂಟೆ ಕೂತು ಮಾತಾಡಿದರೆ, ಮುಂದಿನ ಮೇ ತಿಂಗಳಲ್ಲಿ ನೋಟಿಸಿಗೆ ಉತ್ತರ ಬರೆಯುವ ಕೆಲಸ ತಪ್ಪೀತು. ಹುಡುಗಿಯರಿಗೆ ಐದೂವರೆ ಬಸ್ಸೂ ಸಿಕ್ಕೀತು.