ಒಡೆಯರಪಾಳ್ಯದ ಮೈಕಿನಿಂದ ಟಿವಿಯ ಕಾಮೆಂಟರಿಗೆ

ನಮ್ಮ ಹನೂರು ಕಡೆಯ ಒಡೆಯರಪಾಳ್ಯದ ಸುತ್ತಮುತ್ತ ಟೆನಿಸ್ ಬಾಲ್ ಟೂರ್ನಿಯೋ ರಾತ್ರಿ ಕಬಡ್ಡಿಯೋ ನಡೆದರೆ, ಶಾಮಿಯಾನದ ಕೆಳಗೆ ಮೈಕ್ ಹಿಡಿದ ಹುಡುಗನೊಬ್ಬ ಇದ್ದೇ ಇರುತ್ತಾನೆ. ಟಿವಿಗೆ ಹೋಗು ಅಂತ ಹುರಿದುಂಬಿಸುವವರೂ ಇರುತ್ತಾರೆ. ಆದರೆ ಟಿವಿಯ ಕನ್ನಡ ಕಾಮೆಂಟರಿ ಕೆಲಸದ ಬಗ್ಗೆ ನಾವು ಅವನಿಗೆ ಹೇಳುವುದರಲ್ಲಿ ಬಹಳಷ್ಟು ತಪ್ಪು.

“ದೇಶಕ್ಕೆ ಆಡಿದವರಿಗೆ ಮಾತ್ರ ಆ ಕುರ್ಚಿ.”

ಅಲ್ಲಿರುವುದು ಎರಡು ಬಗೆಯ ಕುರ್ಚಿ. ಒಂದು ಆಟದ ಒಳಗುಟ್ಟು ಬಿಡಿಸುವವರದು. 1999ರಲ್ಲಿ ನೈರೋಬಿಯ ಎಲ್‌ಜಿ ಕಪ್‌ನಲ್ಲಿ ಸರಣಿಶ್ರೇಷ್ಠರಾದ ವಿಜಯ್ ಭಾರದ್ವಾಜ್, ಕಡೂರಿನ ವೇದಾ ಕೃಷ್ಣಮೂರ್ತಿ ಕನ್ನಡ ಕಾಮೆಂಟರಿಗೆ ಕೂತದ್ದು ಅಲ್ಲಿ. ಕ್ರಿಕೆಟಿಗ ಭರತ್ ಚಿಪ್ಲಿ ಭಾರತ ತಂಡಕ್ಕೆ ಆಡಿದವರಲ್ಲ; ಅವರ ಮಾತನ್ನು ಕನ್ನಡಿಗರು ಕಿವಿಗೊಟ್ಟು ಕೇಳಿದ್ದಾರೆ. ಇನ್ನೊಂದು ಕುರ್ಚಿ ಆಟವನ್ನು ಚೆಂಡಿನಿಂದ ಚೆಂಡಿಗೆ ನಡೆಸಿಕೊಂಡು ಹೋಗುವವರದು. ಅಲ್ಲಿ ಹೆಸರು ಮಾಡಿದ ಹರ್ಷ ಭೋಗ್ಲೆ ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಮಲೆ ಮಾದಪ್ಪನ ಕಥೆ ಹಾಡುವ ದೇವರಗುಡ್ಡರನ್ನು ಕೇಳಿ ಬೆಳೆದವರಿಗೆ ಇದು ಹೊಸದಲ್ಲ: ಒಬ್ಬ ಕಥೆ ಮುಂದಕ್ಕೆ ಒಯ್ಯುತ್ತಾನೆ, ಜೊತೆಯವರು ದನಿಗೂಡಿಸುತ್ತಾರೆ.

“ಇಂಗ್ಲಿಷ್ ಕಾಮೆಂಟರಿಯನ್ನು ಕನ್ನಡಕ್ಕೆ ತಿರುಗಿಸಿದರಾಯಿತು.”

ನನಗೆ ಹೆಚ್ಚು ನೋವಾಗುವುದು ಈ ಮಾತಿಗೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ. “ಕೊಹ್ಲಿ ಚೆಂಡನ್ನು ಕವರ್ಸ್ ಕಡೆಗೆ” ಅನ್ನುವಷ್ಟರಲ್ಲಿ ಚೆಂಡು ಹಗ್ಗ ಮುಟ್ಟಿರುತ್ತದೆ, “ಬಾರಿಸಿದರು” ಇನ್ನೂ ಬಾಯಲ್ಲೇ ಇರುತ್ತದೆ. ಅದಕ್ಕೇ ಪಳಗಿದವರು “ಬಾರಿಸಿದ್ರು! ಕವರ್ಸ್ ಕಡೆಗೆ...” ಅಂತ ವಾಕ್ಯವನ್ನೇ ತಿರುವಿಹಾಕುತ್ತಾರೆ, ಇಲ್ಲವೇ ಕ್ರಿಯಾಪದವನ್ನೇ ಕೈಬಿಡುತ್ತಾರೆ. ಕಬಡ್ಡಿಯಲ್ಲಿ ಒಂದು ರೇಡ್‌ಗೆ ಸಿಗುವುದು 30 ಸೆಕೆಂಡ್. ಅಷ್ಟರಲ್ಲಿ ರೇಡರ್ ಯಾರು, ಬೋನಸ್ ಸಿಕ್ಕಿತೇ, ಹಿಡಿದವರಾರು ಎಲ್ಲವೂ ಬರಬೇಕು. ಅನುವಾದಕ್ಕೆ ಪುರಸೊತ್ತೆಲ್ಲಿ? ರೇಡಿಯೊದ ರೀತಿಯೂ ಇಲ್ಲಿ ಹೊಂದದು. ಮೈಸೂರು ಆಕಾಶವಾಣಿಯ ದಸರಾ ವೀಕ್ಷಕ ವಿವರಣೆ ಕಾಣದವರಿಗೆ ಅಂಬಾರಿಯನ್ನೇ ಕಟ್ಟಿಕೊಡಬೇಕಿತ್ತು. ಆದರೆ ಟಿವಿಯಲ್ಲಿ ಕಾಣುವುದನ್ನೇ ಮತ್ತೆ ಹೇಳಿದರೆ ಕಿವಿ ಬೇಸರಪಡುತ್ತದೆ. ಸುಮ್ಮನಿರುವುದನ್ನೂ ಕಲಿಯಬೇಕು; ಊರ ಮೈಕಿನವನಿಗೆ ಕಷ್ಟವಾಗುವುದು ಅದೇ.

“ಮೈದಾನದಲ್ಲೇ ಕೂತು ನೋಡುತ್ತಾ ಮಾತಾಡುತ್ತಾರೆ.”

2018ರ ಐಪಿಎಲ್ ಹೊತ್ತಿಗೆ ಸ್ಟಾರ್ ಕನ್ನಡ ಕಾಮೆಂಟರಿ ತಂದಿತು. ಪ್ರಾದೇಶಿಕ ಭಾಷೆಗಳ ತಂಡಗಳು ಹೆಚ್ಚಾಗಿ ಮಾತಾಡುವುದು ಮುಂಬೈನ ಸ್ಟುಡಿಯೊದಿಂದ. ಕ್ಯಾಮೆರಾ ತೋರಿಸಿದ್ದಷ್ಟೇ ಕಣ್ಣಿಗೆ, ಕಿವಿಯಲ್ಲಿ ನಿರ್ಮಾಪಕರ ಸೂಚನೆ. ಫೀಲ್ಡಿಂಗ್ ಬದಲಾದದ್ದು ಪರದೆಗೆ ಬರದಿದ್ದರೆ ಊಹಿಸಬೇಕು.

“ಒಮ್ಮೆ ಸೇರಿದರೆ ಜೀವನ ಸೆಟ್ಲ್.”

ಐಪಿಎಲ್ ಎರಡು ತಿಂಗಳ ಮಾತು. 2023ರಿಂದ 27ರವರೆಗಿನ ಪ್ರಸಾರ ಹಕ್ಕು 48,390 ಕೋಟಿ ರೂಪಾಯಿಗೆ ಹೋಯಿತು, ನಿಜ. ಆದರೆ ಕಾಮೆಂಟರಿಯವರ ದುಡಿಮೆ ಬಹುಪಾಲು ಟೂರ್ನಿಯಿಂದ ಟೂರ್ನಿಗೆ. 2023ರಲ್ಲಿ ಸ್ಟಾರ್ ಟಿವಿಗೂ ಜಿಯೊಸಿನಿಮಾಗೂ ಬೇರೆಬೇರೆ ಕನ್ನಡ ತಂಡಗಳಿದ್ದವು. 2024ರ ನವೆಂಬರಿನಲ್ಲಿ ಆ ಎರಡು ಸಂಸ್ಥೆಗಳು ಒಂದಾದವು; ಎರಡಿದ್ದ ಅವಕಾಶ ಹಾಗೇ ಉಳಿಯುತ್ತದೆ ಎಂಬ ಖಾತ್ರಿಯಿಲ್ಲ. ಹಾಗಾಗಿ ಉಳಿದ ತಿಂಗಳಿಗೆ ಕೋಚಿಂಗೋ ನಿರೂಪಣೆಯೋ ಬೇರೊಂದು ಕಸುಬು ಕೈಯಲ್ಲಿರಲಿ.

“ನಮ್ಮ ಸೀಮೆಯ ಮಾತು ಟಿವಿಗೆ ನಡೆಯುವುದಿಲ್ಲ.”

ಹನೂರು, ಕೊಳ್ಳೇಗಾಲ ಕಡೆ ನಾವು ‘ಹ’ಕಾರ ನುಂಗುತ್ತೇವೆ. ಸಿಕ್ಸರ್ “ಹೊಡೆದ” ಅನ್ನುವುದು “ಒಡೆದ” ಆದರೆ ಅರ್ಥವೇ ಬೇರೆ. ತಿದ್ದಿಕೊಳ್ಳಬೇಕಾದದ್ದು ಇಷ್ಟೇ, ಊರಿನ ಪದ, ಏರಿಳಿತ, ಗಾದೆಗಳನ್ನು ಬಿಡಬೇಕಿಲ್ಲ. ಕನ್ನಡ, ತಮಿಳು, ಸೋಲಿಗರ ನುಡಿ, ಪಕ್ಕದ ಧೊಂಡೆನ್‌ಲಿಂಗ್ ವಸತಿಯ ಟಿಬೆಟನ್ ಎಲ್ಲ ಒಂದೇ ಸಂತೆಯಲ್ಲಿ ಕೇಳಿ ಬೆಳೆದ ಕಿವಿ, ಹೊರದೇಶದ ಆಟಗಾರನ ಹೆಸರನ್ನೂ ಬೇಗ ಹಿಡಿಯುತ್ತದೆ. ಇವತ್ತು ರಾತ್ರಿ ಪಂದ್ಯ ಹಾಕಿ, ಟಿವಿಯ ದನಿ ಪೂರ್ತಿ ಇಳಿಸಿ, ಒಂದೇ ಒಂದು ಓವರ್ ಮೊಬೈಲಿಗೆ ಮಾತಾಡಿ ನೋಡು ತಮ್ಮ. ನಾಳೆ ಬೆಳಿಗ್ಗೆ ಅದನ್ನೇ ಪರದೆ ನೋಡದೆ ಕೇಳು. ಆರು ಚೆಂಡೂ ಎಲ್ಲೆಲ್ಲಿ ಹೋದವು ಎಂದು ಗೊತ್ತಾದರೆ, ಎರಡನೇ ಓವರಿಗೆ ಬಾ.