ಮಿಂಚು, ಸಿಡಿಲು, ಗುಡುಗು: ನಿಷ್ಪತ್ತಿಯ ಒಂದು ವಿವೇಚನೆ

ಆಗಸದ ಒಂದೇ ವಿದ್ಯಮಾನಕ್ಕೆ ಕನ್ನಡದಲ್ಲಿ ಮೂರು ಹೆಸರುಗಳಿವೆ. ಕಣ್ಣಿಗೆ ಕಾಣುವ ಬೆಳಕು ಮಿಂಚು. ಕಿವಿಗೆ ಕೇಳುವ ಸದ್ದು ಗುಡುಗು. ನೆಲಕ್ಕೆ ಎರಗುವ ಹೊಡೆತ ಸಿಡಿಲು. ಮಿಂಚು ಹೊಳೆಯುತ್ತದೆ, ಸಿಡಿಲು ಬಡಿಯುತ್ತದೆ. ಈ ವಿಂಗಡಣೆಯು ಪದಗಳ ಹುಟ್ಟಿನಲ್ಲಿಯೇ ಇದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಮಿಂಚು’ ಪದವು ಹೊಳೆಯುವಿಕೆಯನ್ನು ಸೂಚಿಸುವ ದ್ರಾವಿಡ ಧಾತುವಿಗೆ ಸೇರಿದೆ. ತಮಿಳು ಮತ್ತು ಮಲಯಾಳಗಳ ‘ಮಿನ್ನಲ್’, ಕನ್ನಡದ್ದೇ ಆದ ‘ಮಿನುಗು’, ‘ಮಿಣುಕು’ ಇದರ ಜ್ಞಾತಿಪದಗಳು. ತೆಲುಗಿನ ‘ಮೆರುಪು’ ಬೇರೆ ರೂಪವಾದರೂ ಅದರ ಮೂಲಾರ್ಥವೂ ಹೊಳಪೇ. ಆದರೆ ‘ಮಿಂಚಿದ್ದಕ್ಕೆ ಚಿಂತಿಸಿ ಫಲವಿಲ್ಲ’ ಎಂಬ ಗಾದೆಯ ‘ಮಿಂಚು’ ಬೇರೆಯದು. ಅಲ್ಲಿನ ಅರ್ಥ ಮೀರುವುದು. ಅದರ ಸಂಬಂಧ ‘ಮಿಗು’ ಧಾತುವಿನೊಡನೆ. ರೂಪಸಾಮ್ಯವನ್ನು ನೆಚ್ಚಿ ಇವೆರಡನ್ನು ಬೆರೆಸಲಾಗದು.

‘ಸಿಡಿಲು’ ಎಂಬುದರ ಹಳಗನ್ನಡ ರೂಪ ‘ಸಿಡಿಲ್’. ಒಡೆದು ಚಿಮ್ಮು ಎಂಬ ಅರ್ಥದ ‘ಸಿಡಿ’ ಕ್ರಿಯೆಯೇ ಇದರ ಮೂಲ. ‘ಸಿಡಿಮದ್ದು’ ಪದದಲ್ಲಿಯೂ ಅದೇ ಅರ್ಥವಿದೆ. ತೆಲುಗಿನಲ್ಲಿ ಸಿಡಿಲಿಗೆ ‘ಪಿಡುಗು’ ಎನ್ನುತ್ತಾರೆ. ‘ವರದಕ್ಷಿಣೆಯ ಪಿಡುಗು’ ಎನ್ನುವಾಗ ಕನ್ನಡಿಗರು ಬಳಸುವುದು ಇದೇ ಪದವನ್ನು. ಪದಾದಿಯ ಪಕಾರವು ಹಕಾರವಾಗದೆ ಉಳಿದಿರುವುದು ಅದು ತೆಲುಗಿನಿಂದ ಬಂದಿರಬಹುದೆಂಬ ಊಹೆಗೆ ಬಲ ನೀಡುತ್ತದೆ. ‘ಗುಡುಗು’ ಸ್ಪಷ್ಟವಾಗಿ ಅನುಕರಣ ಪದ.

ಇಂಥ ವಿಂಗಡಣೆ ಅನ್ಯತ್ರವೂ ಉಂಟು. ಸ್ಲಾವಿಕ್ ವರ್ಗದ ಪೋಲಿಷ್ ಭಾಷೆಯಲ್ಲಿ ಹೊಳೆಯುವ ಮಿಂಚು ‘ಬ್ವಿಸ್ಕಾವಿತ್ಸಾ’; ಬಡಿಯುವ ಸಿಡಿಲು ‘ಪಿಯೋರುನ್’. ಮೊದಲನೆಯದು ಹೊಳಪಿನ ಧಾತುವಿನಿಂದ ಬಂದುದು. ಎರಡನೆಯದು ಸ್ಲಾವರ ಪ್ರಾಚೀನ ಸಿಡಿಲ ದೇವತೆ ಪೆರೂನನ ಹೆಸರೇ ಆಗಿದ್ದು, ಹೊಡೆತದ ಅರ್ಥವುಳ್ಳ ಧಾತುವಿನಿಂದ ಬಂದುದೆಂದು ಬಹುಮಟ್ಟಿಗೆ ಒಪ್ಪಲಾಗಿದೆ. ಅಲ್ಲಿ ಹೊಡೆತವು ದೇವತೆಯಾಯಿತು. ನಮ್ಮಲ್ಲಿ ಪದವು ಕ್ರಿಯೆಗೇ ಅಂಟಿಕೊಂಡಿತು. ಭಯವು ಆಚರಣೆಯಲ್ಲಿ ವ್ಯಕ್ತವಾಯಿತು. ಗುಡುಗಿದಾಗ ‘ಅರ್ಜುನ, ಫಲ್ಗುಣ’ ಎಂದು ವಜ್ರಾಯುಧಧಾರಿ ಇಂದ್ರನ ಮಗನ ಹೆಸರುಗಳನ್ನು ಹೇಳಿಕೊಳ್ಳುವ ರೂಢಿ ಹಳ್ಳಿಗಳಲ್ಲಿರುವಂತೆ ಬಸವನಗುಡಿ, ಮಲ್ಲೇಶ್ವರಗಳ ಹಳೆಯ ಮನೆಗಳಿಗೂ ಪರಿಚಿತವೇ.

ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿಕೋಶ (1961, ಎರಡನೆಯ ಆವೃತ್ತಿ 1984), ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ನಿಘಂಟು, ಇವು ಇಂಥ ಅಧ್ಯಯನಕ್ಕೆ ಭದ್ರವಾದ ತಳಹದಿ. ಇನ್ನು ಕ್ಷೇತ್ರಕಾರ್ಯದಲ್ಲಿ ಪದಗಳನ್ನಷ್ಟೇ ಅಲ್ಲದೆ, ಅವು ಯಾವ ಕ್ರಿಯಾಪದದೊಡನೆ ಬರುತ್ತವೆ ಎಂಬುದನ್ನೂ ದಾಖಲಿಸಬೇಕಾಗಿದೆ. ಇಂಗ್ಲಿಷಿನ ‘ಲೈಟ್ನಿಂಗ್’ ಬೆಳಕು, ಬಡಿತ ಎರಡನ್ನೂ ಒಂದೇ ಪದದಲ್ಲಿ ಹೇಳುತ್ತದೆ. ಹವಾಮಾನದ ಎಚ್ಚರಿಕೆಯಲ್ಲಿ ಅದನ್ನು ಬರಿಯ ‘ಮಿಂಚು’ ಎಂದು ಅನುವಾದಿಸಿದರೆ ಅಪಾಯದ ಸೂಚನೆಯೇ ಕಳೆದುಹೋಗುತ್ತದೆ. ಹೊಲದಲ್ಲಿರುವವರು ಮಿಂಚನ್ನು ನೋಡುತ್ತಾರೆ, ಅಂಜುವುದು ಸಿಡಿಲಿಗೆ.