ಬ್ಯಾಡಗಿ ಮೆಣಸಿನಕಾಯಿಗೆ ಎಷ್ಟು ವಯಸ್ಸು?

ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಉತ್ತರ ಒಂದೇ ಸಾಲಿನದು. ಅದು ಬಾಯಿಪಾಠವಾಗುವಷ್ಟರಲ್ಲಿ ‘ಎಲ್ಲಿಂದ’, ‘ಯಾವಾಗಿನಿಂದ’ ಎಂಬ ಪ್ರಶ್ನೆಗಳು ಉದುರಿಹೋಗಿರುತ್ತವೆ. ಅವನ್ನು ಮತ್ತೆ ಕೇಳಿದರೆ ಏನೇನು ಸಿಗುತ್ತದೆ, ನೋಡಿ.

ತಪ್ಪು ಕಲ್ಪನೆ: ಮೆಣಸಿನಕಾಯಿ ಅನಾದಿ ಕಾಲದಿಂದಲೂ ನಮ್ಮದೇ.

ವಾಸ್ತವ: ಅದರ ತವರು ಅಮೆರಿಕ ಖಂಡ. ಮೆಕ್ಸಿಕೊ ಭಾಗದ ಜನ ಸಾವಿರಾರು ವರ್ಷಗಳಿಂದ ಬೆಳೆಯುತ್ತಿದ್ದ ಗಿಡ ಅದು. 1492ರಲ್ಲಿ ಕೊಲಂಬಸ್ ಆ ಕಡೆ ಹೋದ ಮೇಲೆ ಹೊರಜಗತ್ತಿಗೆ ಪರಿಚಯವಾಗಿ, ಮುಂದೆ ಪೋರ್ಚುಗೀಸರ ಹಡಗುಗಳಲ್ಲಿ ನಮ್ಮ ಪಶ್ಚಿಮ ಕರಾವಳಿಗೆ ಬಂತು. 12ನೇ ಶತಮಾನದ ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗಳ ವಿವರವಿದೆ. ಅಲ್ಲಿ ಕಾಳುಮೆಣಸು ಉಂಟು, ಇಂಗು ಉಂಟು, ಮೆಣಸಿನಕಾಯಿ ಇಲ್ಲ. ಹಕ್ಕ-ಬುಕ್ಕರ ಊಟದಲ್ಲೂ ಅದು ಇದ್ದಿರಲಾರದು. ಶೇಂಗಾ, ಟೊಮೆಟೊ, ಆಲೂಗಡ್ಡೆಯೂ ಅದೇ ಖಂಡದಿಂದ ಬಂದವು. ಹಾಗೆಂದು ಬ್ಯಾಡಗಿಯನ್ನು ಪರಕೀಯ ಎನ್ನಲು ನನಗೆ ಮನಸ್ಸಿಲ್ಲ. ಆ ಕಡುಗೆಂಪು ಬಣ್ಣ, ಹದವಾದ ಖಾರ, ಸುಕ್ಕುಗಟ್ಟಿದ ಸಿಪ್ಪೆ ನಮ್ಮ ರೈತರು ತಲೆಮಾರುಗಳಿಂದ ಬೀಜ ಆರಿಸಿ ಉಳಿಸಿಕೊಂಡ ಗುಣಗಳು. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿತು.

ತಪ್ಪು ಕಲ್ಪನೆ: ಜೋಗ ಭಾರತದ ಅತಿ ಎತ್ತರದ ಜಲಪಾತ.

ವಾಸ್ತವ: ಜೋಗದ ಎತ್ತರ 253 ಮೀಟರ್. ಮೇಘಾಲಯದ ನೊಹ್ಕಲಿಕಾಯ್ 340 ಮೀಟರ್. ಮಳೆಗಾಲದಲ್ಲಿ ಜೋಗದ ಮುಂದೆ ನಿಂತವರಿಗೆ ಈ ಲೆಕ್ಕದಿಂದ ಏನೂ ಕಡಿಮೆಯಾಗುವುದಿಲ್ಲ.

ತಪ್ಪು ಕಲ್ಪನೆ: ಎಲ್ಲ ಲೆಕ್ಕದಲ್ಲೂ ಎವರೆಸ್ಟ್‌ನದೇ ಮೇಲುಗೈ.

ವಾಸ್ತವ: ಸಮುದ್ರಮಟ್ಟದಿಂದ ಅಳೆದರೆ ನಿಜ, 8,848.86 ಮೀಟರ್. ಆದರೆ ಭೂಮಿ ಸಮಭಾಜಕದ ಬಳಿ ಉಬ್ಬಿದೆ. ಹಾಗಾಗಿ ಭೂಮಿಯ ಕೇಂದ್ರದಿಂದ ಅಳೆದರೆ ಈಕ್ವೆಡಾರ್‌ನ ಚಿಂಬೊರಾಸೊ ಶಿಖರವೇ ಸುಮಾರು 2 ಕಿ.ಮೀ. ಮುಂದೆ.

ತಪ್ಪು ಕಲ್ಪನೆ: ರಾಜ್‌ಕುಮಾರ್ ಮೊದಲು ತೆರೆಯ ಮೇಲೆ ಬಂದದ್ದು ‘ಬೇಡರ ಕಣ್ಣಪ್ಪ’ದಲ್ಲಿ.

ವಾಸ್ತವ: 1954ರ ಆ ಚಿತ್ರ ಅವರು ನಾಯಕನಾದ ಮೊದಲ ಚಿತ್ರ. ಅದಕ್ಕೂ ಮುಂಚೆ, 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಸಪ್ತರ್ಷಿಗಳಲ್ಲಿ ಒಬ್ಬರಾಗಿ ಚಿಕ್ಕ ಪಾತ್ರ ಮಾಡಿದ್ದರು.

ತಪ್ಪು ಕಲ್ಪನೆ: ಬೇಸಿಗೆಯಲ್ಲಿ ಭೂಮಿ ಸೂರ್ಯನಿಗೆ ಹತ್ತಿರವಿರುತ್ತದೆ.

ವಾಸ್ತವ: ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ, ನಾವು ಹೊದ್ದು ಮಲಗುವ ಚಳಿಯಲ್ಲಿ. ಆಗಿನ ದೂರ ಸುಮಾರು 14.7 ಕೋಟಿ ಕಿ.ಮೀ.; ಜುಲೈನಲ್ಲಿ 15.2 ಕೋಟಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಬೆಂಗಳೂರಿನಲ್ಲಿ ಸೂರ್ಯ ವರ್ಷಕ್ಕೆ ಎರಡು ಬಾರಿ ನೆತ್ತಿಯ ನೇರಕ್ಕೆ ಬರುತ್ತಾನೆ: ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಇನ್ನೊಮ್ಮೆ. ಆಗಸ್ಟಿನಲ್ಲಿ ಸೆಕೆ ಏಳದಂತೆ ತಡೆಯುವುದು ಮುಂಗಾರಿನ ಮೋಡ. ಅನುಮಾನವಿದ್ದವರು ಏಪ್ರಿಲ್ 24ರ ಆಸುಪಾಸಿನಲ್ಲಿ ಬೆಂಗಳೂರಿನ ಬಯಲಿನಲ್ಲಿ ನೆಟ್ಟಗೆ ಕೋಲು ನಿಲ್ಲಿಸಿ, ಮಕ್ಕಳನ್ನೂ ಕರೆದುಕೊಂಡು ನೋಡಿ. ಹನ್ನೆರಡೂಕಾಲರ ಸುಮಾರಿಗೆ ಅದರ ನೆರಳು ಬುಡದಲ್ಲೇ ಅಡಗುತ್ತದೆ.